ಹುಣಸೆಯಲ್ಲದ ಹುಣಸೆ

ಉಮರಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಒಂದೊಂದು ವಸ್ತುವಿಗೂ ಎರಡು ಮೂರು ಹೆಸರು. 1956ರ ನವೆಂಬರ್ 1ರವರೆಗೆ ನಿಲಂಗಾ ಮತ್ತು ಉದಗೀರ ಬೀದರ್ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಉಮರಗಾ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ಗೆರೆ ಎಳೆದ ಮೇಲೆ ಕಚೇರಿಯ ಭಾಷೆ ಬದಲಾಯಿತೇ ಹೊರತು ಮಾಂಜ್ರಾ ನದಿಯ ಎರಡೂ ದಂಡೆಯ ಸಂತೆಗಳಲ್ಲಿ ಕನ್ನಡ, ಮರಾಠಿ, ದಖನಿ ಬೆರೆತು ಮಾತಾಡುವುದು ನಿಲ್ಲಲಿಲ್ಲ. ಹೀಗೆ ಮೂರು ಭಾಷೆ ಕೂಡುವ ನೆಲದಲ್ಲಿ ಹೊರಗಿನಿಂದ ಬಂದ ವಸ್ತುವೊಂದರ ಚರಿತ್ರೆಯನ್ನು ಹುಡುಕಬೇಕಾದರೆ ಹೆಸರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಒಳ್ಳೆಯ ದಾರಿ. ದಖ್ಖನಿನ ಹಳೆಯ ರಾಜಧಾನಿಗಳಲ್ಲಿ, ದರ್ಗಾ ಮಠಗಳ ಅಂಗಳದಲ್ಲಿ ಅಲ್ಲೊಂದು ಇಲ್ಲೊಂದು ನಿಂತಿರುವ ಭಾರೀ ಕಾಂಡದ ಒಂದು ಮರವಿದೆ. ಕನ್ನಡ ಅದನ್ನು ಆನೆಹುಣಸೆ, ದೊಡ್ಡಹುಣಸೆ ಎನ್ನುತ್ತದೆ. ಮರಾಠಿಯಲ್ಲಿ ಅದು ಗೋರಖಚಿಂಚ. ಉರ್ದು ಹಿಂದಿಗಳಲ್ಲಿ ಗೋರಖ್ ಇಮ್ಲಿ, ಖುರಾಸಾನಿ ಇಮ್ಲಿ. ಒಬ್ಬರಿಗೆ ಆನೆ ನೆನಪಾಯಿತು, ಇನ್ನೊಬ್ಬರಿಗೆ ನಾಥಪಂಥದ ಯೋಗಿ, ಮತ್ತೊಬ್ಬರಿಗೆ ಕಡಲಾಚೆಯ ದೂರದೇಶ. ಹುಣಸೆ, ಚಿಂಚ, ಇಮ್ಲಿ ಮಾತ್ರ ಮೂವರಿಗೂ ಒಂದೇ. ಮರವೋ ಹುಣಸೆಯ ದೂರದ ನೆಂಟನೂ ಅಲ್ಲ. ಮೂರು ಭಾಷೆಯವರೂ ಕೂಡಿ ಒಂದೇ ತಪ್ಪು ಮಾಡಿದ್ದಾರೆ ಎಂದರೆ ಆ ತಪ್ಪಿಗೆ ಒಂದು ಕಾರಣವಿರಬೇಕು. ಈ ಮರ ನಮ್ಮ ಕಡೆಗೆ ಬಂದ ಬಗೆ ಆ ತಪ್ಪಿನಲ್ಲೇ ಅಡಗಿದೆ ಎಂಬುದು ನನ್ನ ವಾದ.

ಮೊದಲು ಮರವನ್ನು ಸರಿಯಾಗಿ ನೋಡಬೇಕು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅಡನ್ಸೋನಿಯಾ ಡಿಜಿಟೇಟಾ. ಲೋಕದ ಬಹುಪಾಲು ಜನ ಬಾವೊಬಾಬ್ ಎನ್ನುತ್ತಾರೆ. 1749ರಿಂದ ಐದು ವರ್ಷ ಸೆನೆಗಲ್‌ನಲ್ಲಿದ್ದು ಈ ಮರವನ್ನು ವಿವರವಾಗಿ ಬರೆದಿಟ್ಟ ಫ್ರಾನ್ಸಿನ ಮಿಶೆಲ್ ಅಡನ್ಸನ್‌ನ ಹೆಸರನ್ನು ಲಿನ್ನೇಯಸ್ ಕುಲಕ್ಕೆ ಇಟ್ಟ. ಡಿಜಿಟೇಟಾ ಎಂದರೆ ಬೆರಳುಳ್ಳದ್ದು. ಉದ್ದನೆಯ ಒಂದೇ ತೊಟ್ಟಿನ ತುದಿಯಲ್ಲಿ, ಒಂದೇ ಬಿಂದುವಿನಿಂದ ಐದೋ ಏಳೋ ಕಿರುಎಲೆಗಳು ಅಗಲಿಸಿದ ಅಂಗೈಯಂತೆ ಹರಡಿಕೊಳ್ಳುತ್ತವೆ, ಕೆಲವೊಮ್ಮೆ ಒಂಬತ್ತು. ಇದನ್ನೇ ಹಸ್ತಾಕಾರದ ಸಂಯುಕ್ತ ಎಲೆ ಎನ್ನುವುದು. ಮಳೆ ಬಿದ್ದಾಗ ಚಿಗುರಿ, ಬೇಸಿಗೆಯ ತಿಂಗಳುಗಳಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಆಗ ಕೊಂಬೆಗಳು ಬೇರುಗಳಂತೆ ಕಾಣುತ್ತವಾದ್ದರಿಂದ ಆಫ್ರಿಕಾದಲ್ಲಿ ಇದನ್ನು ತಲೆಕೆಳಗಾಗಿ ನೆಟ್ಟ ಮರವೆಂದು ಕರೆಯುವ ಕಥೆಗಳಿವೆ. ಕಾಂಡವು ಕಟ್ಟಿಗೆ ಎನ್ನುವುದಕ್ಕಿಂತ ನೀರು ತುಂಬಿದ ನಾರಿನ ಪಿಪಾಯಿ. ಹಸಿಮರದ ತೂಕದಲ್ಲಿ ಹೆಚ್ಚಿನ ಪಾಲು ನೀರೇ. ತೊಗಟೆ ಸುಲಿದರೆ ಮತ್ತೆ ಬೆಳೆಯುತ್ತದೆ, ಒಳಗೆ ಪೊಳ್ಳಾದರೂ ಮರ ಸಾಯುವುದಿಲ್ಲ. ಬಿಳಿಯ ದೊಡ್ಡ ಹೂವು ಉದ್ದನೆಯ ತೊಟ್ಟಿನಿಂದ ಜೋತುಬಿದ್ದು ಸಂಜೆಗತ್ತಲಲ್ಲಿ ಅರಳುತ್ತದೆ, ನೂರಾರು ಕೇಸರಗಳು ಕುಂಚದಂತೆ ಕೂಡಿರುತ್ತವೆ, ವಾಸನೆ ಹಿತವಾದುದಲ್ಲ. ಆ ವಾಸನೆಗೆ ಬಾವಲಿಗಳು ಬರುತ್ತವೆ, ಮರುದಿನಕ್ಕೆ ಹೂವು ಬಾಡಿ ಬೀಳುತ್ತದೆ. ಕಾಯಿ ಸೋರೆಬುರುಡೆಯಂತೆ ಗಟ್ಟಿ ಚಿಪ್ಪಿನದು, ಮೇಲೆ ಮಖಮಲ್ಲಿನಂಥ ರೋಮ. ಒಡೆದರೆ ಒಳಗೆ ಕರಿಬೀಜಗಳನ್ನು ಸುತ್ತಿಕೊಂಡ ಬಿಳಿಯ ಪುಡಿಪುಡಿ ತಿರುಳು. ಬಾಯಿಗೆ ಹಾಕಿದರೆ ಹುಳಿ.

ಈ ಸೀಮೆಯ ರೈತನಿಗೆ ಇಂಥ ಎಲೆ ಹೊಸದಾಗಿರಲಿಲ್ಲ. ಬೂರುಗದ ಎಲೆಯೂ ಇದೇ ಅಂಗೈಯ ಮಾದರಿಯದು. ಮರಾಠಿಯವರು ಕಾಟೇಸಾವರ ಎನ್ನುವ, ಬೇಸಿಗೆಗೆ ಮುನ್ನ ಕೆಂಪು ಹೂ ಹೊತ್ತು ನಿಲ್ಲುವ ಆ ಮರವೂ ಆನೆಹುಣಸೆಯೂ ಸಸ್ಯಶಾಸ್ತ್ರದ ಪ್ರಕಾರ ಹತ್ತಿರದ ಬಂಧುಗಳು. ಮರವನ್ನು ಮೊದಲು ಕಂಡು, ಆಮೇಲೆ ಹೆಸರಿಟ್ಟಿದ್ದರೆ ಅದಕ್ಕೆ ಆನೆಬೂರುಗ ಎಂಬ ಹೆಸರು ಸಹಜವಾಗಿ ಬರಬೇಕಿತ್ತು. ಹುಣಸೆಯ ಎಲೆಯನ್ನು ನೋಡಿ: ಒಂದು ಕಡ್ಡಿಯ ಎರಡು ಬದಿಗೆ ಸಾಲಾಗಿ ಜೋಡಿಸಿದ ಸಣ್ಣ ಸಣ್ಣ ಎಲೆ. ಕಾಂಡ, ತೊಗಟೆ, ಹೂವು, ಕಾಯಿಯ ಆಕಾರ ಯಾವುದರಲ್ಲೂ ಎರಡಕ್ಕೂ ಸಾಮ್ಯವಿಲ್ಲ. ಸಾಮ್ಯವಿರುವುದು ನಾಲಗೆಗೆ ಮಾತ್ರ. ಗಿಡಮರಗಳ ವಿಷಯದಲ್ಲಿ ನಮ್ಮ ಹಳ್ಳಿಯವರ ಕಣ್ಣು ಎಷ್ಟು ಚುರುಕೆಂಬುದು ಗೊತ್ತಿರುವವರಿಗೆ ಇದು ಅಜಾಗರೂಕತೆಯ ಹೆಸರಲ್ಲ ಎಂದು ಹೊಳೆಯುತ್ತದೆ. ಹೆಸರಿಟ್ಟವರ ಮುಂದೆ ಮರವಿರಲಿಲ್ಲ. ಕಾಯಿ ಇತ್ತು, ಕಾಯಿಯೊಳಗಿನ ಹುಳಿ ಇತ್ತು. ಹಣ್ಣು ಹೆಸರು ಪಡೆಯಿತು, ಆಮೇಲೆ ಬೆಳೆದು ನಿಂತ ಮರ ಆ ಹೆಸರನ್ನು ಹೊತ್ತುಕೊಂಡಿತು.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಹುಣಸೆಯೂ ಈ ನೆಲದ ಮೂಲದ್ದಲ್ಲ. ಅರಬರು ಅದನ್ನು ತಮ್ರ್ ಹಿಂದಿ, ಅಂದರೆ ಹಿಂದ್ ದೇಶದ ಖರ್ಜೂರ ಎಂದು ಕರೆದುದರಿಂದ, ಆ ಹೆಸರೇ ಯುರೋಪಿನ ಭಾಷೆಗಳಿಗೂ ಹೋದುದರಿಂದ, ಲೋಕವೆಲ್ಲ ಅದನ್ನು ಭಾರತದ್ದೆಂದೇ ನಂಬಿತು. ಅದರ ತವರು ಆಫ್ರಿಕಾ. ಲಾತೂರಿನ ಸುತ್ತಿನ ಹೊಲಗಳ ಬದುಗಳ ಮೇಲೆ ಹುಣಸೆ ಎಷ್ಟು ನಮ್ಮದಾಗಿದೆಯೆಂದರೆ, ಹುಣಸೆಹುಳಿ ಇಲ್ಲದ ಅಡುಗೆಯನ್ನು ಇಲ್ಲಿ ಯಾರೂ ಊಹಿಸಲಾರರು. ಈ ಎರೆಹೊಲಗಳ ಜೋಳವೂ, ಸಜ್ಜೆಯೂ, ಅಲಸಂದೆಯೂ ಆಫ್ರಿಕಾದಲ್ಲಿ ಪಳಗಿ, ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಹೊತ್ತಿಗೆ ಭಾರತಕ್ಕೆ ಬಂದ ಬೆಳೆಗಳು. ಉದಗೀರದ ರೈತನ ಬುತ್ತಿಯ ಭಕ್ಕರಿಯಲ್ಲಿ ಆಫ್ರಿಕಾ ಇದೆ, ಪಲ್ಯದ ಹುಳಿಯಲ್ಲೂ ಇದೆ. ಆನೆಹುಣಸೆಗೆ ನಾವು ಹುಣಸೆಯೆಂದು ಹೆಸರಿಟ್ಟಾಗ ಮೂರು ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನ ಅತಿಥಿಯೊಬ್ಬರ ಮನೆತನದ ಹೆಸರನ್ನು ಹೊಸ ಅತಿಥಿಗೆ ಕೊಟ್ಟ ಹಾಗಾಯಿತು. ಇಬ್ಬರದೂ ಒಂದೇ ಊರೆಂದು ಹೆಸರಿಟ್ಟವರಿಗೆ ತಿಳಿದಿರಲಿಲ್ಲ.

ಹಣ್ಣು ಮರಕ್ಕಿಂತ ಮೊದಲು ಬರಬಹುದೇ? ಬರಬಹುದು ಎಂಬುದಕ್ಕೆ ಹೊರಗಿನ ಸಾಕ್ಷಿ ಇದೆ. ಇಟಲಿಯ ವೈದ್ಯ ಪ್ರಾಸ್ಪೆರೊ ಆಲ್ಪೀನಿ ಈಜಿಪ್ಟಿನ ಸಸ್ಯಗಳ ಕುರಿತು 1592ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬಾವೊಬಾಬ್ ಹಣ್ಣಿನ ವರ್ಣನೆ ಇದೆ. ಅವನು ಅದನ್ನು ಕಂಡದ್ದು ಕಾಡಿನಲ್ಲಲ್ಲ, ಕೈರೋದ ಪೇಟೆಯಲ್ಲಿ. ಈಜಿಪ್ಟಿನಲ್ಲಿ ಆ ಮರ ಬೆಳೆಯುವುದಿಲ್ಲ. ದಕ್ಷಿಣದಿಂದ ಹಣ್ಣು ಬರುತ್ತಿತ್ತು, ಜ್ವರದ ತಾಪಕ್ಕೂ ಭೇದಿಗೂ ಔಷಧವಾಗಿ ಮಾರಾಟವಾಗುತ್ತಿತ್ತು. ದೂರದ ಪ್ರಯಾಣಕ್ಕೆ ಇದಕ್ಕಿಂತ ಒಗ್ಗುವ ಹಣ್ಣು ಸಿಗುವುದು ಕಷ್ಟ. ತಿರುಳು ಮರದಲ್ಲಿದ್ದಾಗಲೇ ಒಣಗಿರುತ್ತದೆ, ಕೊಳೆಯುವುದಿಲ್ಲ. ಚಿಪ್ಪೇ ಅದರ ಡಬ್ಬಿ. ತಿಂಗಳುಗಟ್ಟಲೆ ಹಡಗಿನಲ್ಲಿ ಇರುವವರಿಗೆ ಹುಳಿ ಬೇಕೇ ಬೇಕು. ನಮ್ಮ ಪಶ್ಚಿಮ ಕರಾವಳಿಯ ಬಳಕೆಗಳನ್ನು 19ನೇ ಶತಮಾನದಲ್ಲಿ ಬರೆದಿಟ್ಟವರೂ ಇದೇ ಕಡೆಗೆ ಬೆರಳು ತೋರಿಸುತ್ತಾರೆ: ಕೊಂಕಣದಲ್ಲಿ ತಿರುಳನ್ನು ಮಜ್ಜಿಗೆಯಲ್ಲಿ ಕದಡಿ ಭೇದಿಗೆ, ಆಮಶಂಕೆಗೆ ಕೊಡುತ್ತಿದ್ದರು, ಗುಜರಾತಿನ ಮೀನುಗಾರರು ಒಣಬುರುಡೆಗಳನ್ನು ಬಲೆಗೆ ಕಟ್ಟಿ ತೇಲಿಸುತ್ತಿದ್ದರು. ಕೈರೋದ ಔಷಧವೂ ಕೊಂಕಣದ ಔಷಧವೂ ಒಂದೇ ಕಾಯಿಲೆಗೆ ಎಂಬುದು ಗಮನಿಸಬೇಕಾದ ಮಾತು. ಹಣ್ಣಿನ ಜೊತೆಗೆ ಅದನ್ನು ಬಳಸುವ ತಿಳಿವಳಿಕೆಯೂ ಕಡಲು ದಾಟಿತು.

ಕಡಲ ದಂಡೆಯಿಂದ ಬಾಲಾಘಾಟಿನ ಈ ಎತ್ತರದ ಬಯಲಿಗೆ ಅದನ್ನು ಹೊತ್ತು ತಂದವರು ಯಾರು? ಇದಕ್ಕೆ ಒಬ್ಬ ಸುಲ್ತಾನನ ಹೆಸರನ್ನೋ ಒಬ್ಬ ಫಕೀರನ ಹೆಸರನ್ನೋ ಹೇಳುವುದು ವಾಡಿಕೆ. ನನಗೆ ಅದಕ್ಕಿಂತ ಕುದುರೆ ವ್ಯಾಪಾರದ ಹಾದಿ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಾಣುತ್ತದೆ. ಬಹಮನಿ ಸುಲ್ತಾನರ ರಾಜಧಾನಿ ಬೀದರ್ ಆದ ಮೇಲೆ ಚೌಲ, ದಾಭೋಳ, ಗೋವೆಯ ಬಂದರುಗಳಲ್ಲಿ ಇಳಿದು ಬೀದರಿಗೆ ಹೊರಟ ಅರಬ್ಬಿ ಕುದುರೆಗಳು ಈ ಬಯಲನ್ನು ಹಾಯ್ದೇ ಹೋಗಬೇಕಿತ್ತು. ರಷ್ಯಾದ ವರ್ತಕ ಅಫನಾಸಿ ನಿಕಿತಿನ್ 1469ರ ಹೊತ್ತಿಗೆ ಚೌಲದಲ್ಲಿ ಇಳಿದವನು ತಾನೂ ಒಂದು ಕುದುರೆ ಮಾರಲೆಂದೇ ತಂದಿದ್ದ. ಜುನ್ನರದ ಅಧಿಕಾರಿ ಅದನ್ನು ಕಸಿದುಕೊಂಡು ಮತ್ತೆ ಕೊಟ್ಟ ಕಥೆಯನ್ನು ಅವನೇ ಬರೆದಿದ್ದಾನೆ. ಬೀದರಿನಲ್ಲಿ ಇದ್ದಾಗ ಅವನು ಆಳಂದದ ಶೇಖ್ ಅಲಾವುದ್ದೀನರ ಜಾತ್ರೆಯನ್ನು ವರ್ಣಿಸುತ್ತಾನೆ: ವರ್ಷಕ್ಕೊಮ್ಮೆ ಹತ್ತು ದಿನ ಸೇರುವ ಆ ಪೇಟೆಗೆ ಇಪ್ಪತ್ತು ಸಾವಿರ ಕುದುರೆ ಬರುತ್ತವಂತೆ, ಬೇರೆ ಎಲ್ಲ ಬಗೆಯ ಸರಕೂ ಬರುತ್ತದಂತೆ. ಆಳಂದ ಉಮರಗಾದಿಂದ ಒಂದೆರಡು ದಿನದ ನಡಿಗೆಯ ದೂರ. ಇಪ್ಪತ್ತು ಸಾವಿರ ಎಂಬುದು ಪ್ರವಾಸಿಯ ಉತ್ಸಾಹದ ಲೆಕ್ಕವಿರಬಹುದು. ಅರ್ಧಕ್ಕರ್ಧ ಕಳೆದರೂ ಅಷ್ಟು ಕುದುರೆಗಳ ಹಿಂದೆ ಎಷ್ಟು ಸಾವಿರ ಲಾಯದವರು, ಹುಲ್ಲು ನೀರು ನೋಡುವವರು, ಕಾವಲಿನವರು, ಅಡುಗೆಯವರು ನಡೆದು ಬಂದಿರಬೇಕು ಎಂದು ಯೋಚಿಸಬೇಕು. ಕೆಂಪು ಸಮುದ್ರದ ಮತ್ತು ಪೂರ್ವ ಆಫ್ರಿಕಾದ ಬಂದರುಗಳಿಂದ ಹೊರಟ ಹಡಗುಗಳಲ್ಲಿ ಕುದುರೆಯ ಜೊತೆ ಮನುಷ್ಯರೂ ಸರಕಾಗಿ ಬಂದರು. ಅವರನ್ನೇ ದಖ್ಖನ್ ಹಬಶಿ ಎಂದಿತು, ಸಿದ್ದಿ ಎಂದಿತು.

ಉದಗೀರ, ಔಸಾ, ಬೀದರ್ ಪ್ರಾಂತದಲ್ಲಿ ಅವರು ಅಂಚಿನ ಜನರಾಗಿ ಉಳಿಯಲಿಲ್ಲ. ಬಹಮನಿ ಆಸ್ಥಾನದ ದಖನಿ ಬಣದ ಬಲದಲ್ಲಿ ದೊಡ್ಡ ಪಾಲು ಹಬಶಿಗಳದು. 1481ರಲ್ಲಿ ಬಹಮನಿ ವಜೀರ ಮಹಮೂದ್ ಗವಾನನ ಕುತ್ತಿಗೆಗೆ ಕತ್ತಿ ಬೀಸಿದವನು ಜೌಹರ್ ಎಂಬ ಹಬಶಿ ಎಂದು ಫರಿಶ್ತಾ ಬರೆಯುತ್ತಾನೆ. ಕಲಬುರಗಿಯ ಪ್ರಾಂತವನ್ನು ಆಳುತ್ತಿದ್ದವನು ದಸ್ತೂರ್ ದಿನಾರ್ ಎಂಬ ಹಬಶಿ. ಬೀದರ್ ಊರಿನ ಪಕ್ಕದ ಗುಡ್ಡದ ಹೆಸರು ಇಂದಿಗೂ ಹಬಶಿ ಕೋಟ್. ಅಲ್ಲಿ ಅವರ ಗೋರಿಗಳಿವೆ. ಬಹಮನಿ ರಾಜ್ಯ ಒಡೆದಾಗ ಉದಗೀರ, ಔಸಾ, ಕಂಧಾರಗಳು ಕಾಸಿಂ ಬರೀದನ ಕೈಗೆ ಬಂದವು. ಆಮೇಲೆ ಆದಿಲಶಾಹಿಯ ಕಾಲ. 1636ರಲ್ಲಿ ಷಹಜಹಾನನ ಸೇನಾಪತಿ ಖಾನ್ ದೌರಾನ್ ಉದಗೀರ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗಿದ್ದ ಕಿಲ್ಲೇದಾರ ಸಿದ್ದಿ ಮಿಫ್ತಾ. ತಿಂಗಳುಗಟ್ಟಲೆ ತಡೆದು ನಿಂತು, ಕೊನೆಗೆ ಕೋಟೆ ಒಪ್ಪಿಸಿ ಮೊಗಲರ ಸೇವೆಗೆ ಸೇರಿ ಹಬಶ್ ಖಾನ್ ಎಂಬ ಬಿರುದು ಪಡೆದ. ಹಬಶಿ ಸರದಾರ ಮಲಿಕ್ ಅಂಬರನಂತೆ ಇತಿಹಾಸದ ಪಠ್ಯಕ್ಕೆ ಬಂದವನಲ್ಲ ಅವನು. ಆದರೆ ಉದಗೀರದ ಬಾಗಿಲನ್ನು ಕಾಯುವ ಅಧಿಕಾರ ಆಫ್ರಿಕಾ ಮೂಲದ ಒಬ್ಬ ಮನುಷ್ಯನ ಕೈಯಲ್ಲಿತ್ತು ಎಂಬುದನ್ನು ಈ ಗಡಿಸೀಮೆಯ ಚರಿತ್ರೆ ಬರೆಯುವವರು ಮರೆಯಬಾರದು. ಅಮೀರರ ಹೆಸರು ಫಾರಸಿ ಇತಿಹಾಸಗಳಲ್ಲಿ ಉಳಿದಿದೆ. ಅವರ ಕೆಳಗೆ ದುಡಿದ ಸಾವಿರಾರು ಜನರ ಹೆಸರು ಎಲ್ಲೂ ಇಲ್ಲ.

ಈಗ ಮರಗಳು ಎಲ್ಲಿ ನಿಂತಿವೆ ನೋಡೋಣ. ವಿಜಯಪುರದಲ್ಲಿ ಹಳೆಯ ಆನೆಹುಣಸೆಗಳಿವೆ. ಅವುಗಳಲ್ಲಿ ಒಂದನ್ನು ಜನ ಗಲ್ಲಿನ ಮರವೆನ್ನುತ್ತಿದ್ದರೆಂದು 19ನೇ ಶತಮಾನದ ಬರಹಗಳು ಹೇಳುತ್ತವೆ. ಗೋಲ್ಕೊಂಡದ ನಯಾ ಕಿಲಾದೊಳಗಿನ ಮರದ ಸುತ್ತಳತೆ 27 ಮೀಟರಿಗೂ ಮಿಕ್ಕಿದ್ದು, ಊರವರು ಅದನ್ನು ಹಾಥಿಯಾನ್ ಕಾ ಝಾಡ್ ಎನ್ನುತ್ತಾರೆ. ಇಲ್ಲೂ ಆನೆ ಬಂತು. ಸವಣೂರಿನಲ್ಲಿ ಮೂರು ಮರಗಳಿದ್ದು ಅಲ್ಲಿನ ಮಠಕ್ಕೇ ದೊಡ್ಡಹುಣಸೆ ಮಠವೆಂದು ಹೆಸರಾಗಿದೆ. ಮಾಳವದ ಮಾಂಡುವಿನಲ್ಲಂತೂ ಇವು ಗುಂಪುಗುಂಪಾಗಿವೆ. ಪಟ್ಟಿಯನ್ನು ಇನ್ನೂ ಬೆಳೆಸಬಹುದು, ಆದರೆ ಅದರ ಗುಣ ಬದಲಾಗುವುದಿಲ್ಲ: ಕೋಟೆ, ರಾಜಧಾನಿ, ದರ್ಗಾ, ಮಠ. ಹೊಲದ ಬದುವಿನ ಮೇಲೆ, ಹಳ್ಳದ ದಂಡೆಯಲ್ಲಿ, ಕಾಡಿನ ನಡುವೆ ತಾನಾಗಿ ಹುಟ್ಟಿ ಬೆಳೆದ ಆನೆಹುಣಸೆ ದಖ್ಖನಿನಲ್ಲಿ ಕಾಣಸಿಗುವುದು ಬಲು ಅಪರೂಪ. ಹೀಗೆ ಅಧಿಕಾರದ ನೆಲೆಗಳಲ್ಲೇ ಇರುವುದನ್ನು ನೋಡಿ, ಇವು ಅರಬ್ ವರ್ತಕರು ಸುಲ್ತಾನರಿಗೆ ತಂದ ಕಾಣಿಕೆ ಎಂದು ಹೇಳುವವರಿದ್ದಾರೆ. ಗೋಲ್ಕೊಂಡದ ಮರದ ಬಗ್ಗೆ ಇರುವ ಜನಪ್ರಿಯ ಕಥೆಯೂ ಅದೇ. ಅದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ದಖ್ಖನಿನ ಕಟ್ಟಡಗಳನ್ನು ಬಲ್ಲ ಜಾನ್ ಬರ್ಟನ್-ಪೇಜ್ ಎಂಬ ವಿದ್ವಾಂಸರು 1969ರಲ್ಲೇ ಈ ಮರ ಭಾರತಕ್ಕೆ ಬಂದ ಪ್ರಶ್ನೆಯನ್ನು ಒಂದು ಪ್ರಬಂಧವಾಗಿ ಎತ್ತಿಕೊಂಡಿದ್ದರು, ಮರಕ್ಕೂ ಸುಲ್ತಾನರ ಊರುಗಳಿಗೂ ನಂಟಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಉಳಿದ ಜಾಗವೇ ನೆಟ್ಟ ಜಾಗವೆಲ್ಲ ಎಂದು ತಿಳಿಯುವುದು ತಪ್ಪು. ನಾಟಾಕ್ಕೆ ಬಾರದ, ಒಲೆಗೂ ಬಾರದ, ಅರ್ಧ ಗುಂಟೆ ನೆರಳು ಹಾಕುವ ಮರವನ್ನು ಜೋಳ ಬಿತ್ತುವ ರೈತ ಹೊಲದಲ್ಲಿ ಎಷ್ಟು ದಿನ ಇಟ್ಟುಕೊಂಡಾನು? ಗೋರಿಯ ಪಕ್ಕದಲ್ಲಿ, ಗದ್ದುಗೆಯ ಮುಂದೆ ಇದ್ದುದು ಉಳಿಯಿತು. ನಮ್ಮ ಮುಂದಿರುವುದು ಕಾಪಾಡಿದವರ ನಕ್ಷೆ. ತಂದವರ ನಕ್ಷೆ ಇದಕ್ಕಿಂತ ಅಗಲವಾಗಿದ್ದಿರಬೇಕು.

ವಂಶವಾಹಿಗಳ ಅಧ್ಯಯನ ಈ ಊಹೆಗೆ ಬಲ ಕೊಡುತ್ತದೆ. ಕ್ಯಾರೆನ್ ಬೆಲ್, ಹರಿಪ್ರಿಯಾ ರಂಗನ್, ಕ್ರಿಶ್ಚಿಯನ್ ಕುಲ್, ಡೇನಿಯಲ್ ಮರ್ಫಿ ಅವರು ಭಾರತದ ಮರಗಳನ್ನೂ ಆಫ್ರಿಕಾದ ಮರಗಳನ್ನೂ ಹೋಲಿಸಿ 2015ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯ ಸಾರ ಇದು: ಭಾರತದ ಮರಗಳಲ್ಲಿ ವೈವಿಧ್ಯ ಕಡಿಮೆ, ಅಂದರೆ ಇವು ತಾವಾಗಿ ತೇಲಿಬಂದು ಯುಗಯುಗಗಳಿಂದ ಇಲ್ಲಿ ಬೆಳೆದವಲ್ಲ, ಮನುಷ್ಯರು ತಂದವು, ಮತ್ತು ಅವು ಒಂದೇ ಸಲ ಒಂದೇ ಜಾಗದಿಂದ ಬಂದವಲ್ಲ. ಕೀನ್ಯಾ, ತಾಂಜಾನಿಯಾ ಕಡೆಯ ಮೂಲಗಳು ಮುಖ್ಯ, ಪಶ್ಚಿಮ ಆಫ್ರಿಕಾದ ನಂಟೂ ಕೆಲವಕ್ಕಿದೆ. ಒಬ್ಬ ಸುಲ್ತಾನ, ಒಂದು ಕಾಣಿಕೆ ಎಂಬ ಕಥೆಗೆ ಇಲ್ಲಿ ಜಾಗವಿಲ್ಲ. ಆದರೆ ಇದೇ ಸಂಶೋಧನೆಯಿಂದ ನನ್ನ ವಾದಕ್ಕೂ ಒಂದು ಆಕ್ಷೇಪ ಹುಟ್ಟುತ್ತದೆ. ಹಬಶಿಗಳು ಅಬಿಸೀನಿಯಾದವರು, ಅಂದರೆ ಇಥಿಯೋಪಿಯಾದವರು. ಮರಗಳ ನೆಂಟಸ್ತಿಕೆಯೋ ಅದಕ್ಕಿಂತ ತೆಂಕಣದ ಕರಾವಳಿಯ ಜೊತೆಗೆ. ಹಾಗಾದರೆ ಹಬಶಿಗಳಿಗೂ ಮರಕ್ಕೂ ಏನು ಸಂಬಂಧ? ಇದಕ್ಕೆ ಉತ್ತರ ಹಬಶಿ ಎಂಬ ಪದದ ಬಳಕೆಯಲ್ಲೇ ಇದೆ. ದಖ್ಖನಿನ ಪೇಟೆಯಲ್ಲಿ ಆಫ್ರಿಕಾದ ಯಾವ ಮೂಲೆಯವನಾದರೂ ಹಬಶಿಯೇ, ಸಿದ್ದಿಯೇ. ಅಮೀರರಾಗಿ ಮೆರೆದವರಲ್ಲಿ ಇಥಿಯೋಪಿಯಾದವರು ಹೆಚ್ಚಿದ್ದಿರಬಹುದು. ಹಡಗಿನ ತಳದಲ್ಲಿ, ಲಾಯದಲ್ಲಿ, ಮನೆಗೆಲಸದಲ್ಲಿ ಇದ್ದವರು ಪೂರ್ವ ಕರಾವಳಿಯ ಉದ್ದಕ್ಕೂ ಹಿಡಿದು ತಂದವರು. ಗೋವೆಯ ಪೋರ್ಚುಗೀಸರು ಮೊಜಾಂಬಿಕ್‌ನಿಂದಲೇ ಜನರನ್ನು ತರುತ್ತಿದ್ದರು. ಮರಗಳ ಮೂಲ ಅಮೀರರ ತವರನ್ನು ತೋರದೆ ಆಳುಗಳ ತವರನ್ನು ತೋರುತ್ತಿದ್ದರೆ, ಅದು ನನಗೆ ವಿರೋಧದ ಸಾಕ್ಷಿಯಾಗಿ ಕಾಣುವುದಿಲ್ಲ.

ಕಾಲದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸವಣೂರಿನ ಮರಗಳಿಗೆ ಎರಡು ಸಾವಿರ ವರ್ಷವೆಂದು ಹೇಳುವುದುಂಟು, ಕೃಷ್ಣನೇ ನೆಟ್ಟನೆಂಬ ಐತಿಹ್ಯವೂ ಇದೆ. ಸುತ್ತಳತೆ ನೋಡಿ ಈ ಮರದ ವಯಸ್ಸು ಹೇಳಲಾಗದು. ಕೆಲವು ಬೇಗ ಉಬ್ಬುತ್ತವೆ, ಎಷ್ಟೋ ಸಲ ಹಲವು ಕಾಂಡಗಳು ಕೂಡಿ ಒಂದಾಗಿರುತ್ತವೆ. ಆದ್ದರಿಂದ ಇಂಗಾಲದ ಕಾಲಮಾಪನದ ಮಾತನ್ನೇ ಕೇಳಬೇಕು. ರುಮೇನಿಯಾದ ಏಡ್ರಿಯನ್ ಪಾತ್ರುತ್ ಮತ್ತು ಸಂಗಡಿಗರು ಉತ್ತರ ಪ್ರದೇಶದ ಎರಡು ಮರಗಳನ್ನು ಪರೀಕ್ಷಿಸಿದರು: ಪ್ರಯಾಗದ ಎದುರಿನ ಝೂನ್ಸಿಯದು ಒಂದು, ಪಾರಿಜಾತವೆಂದು ಪೂಜೆಗೊಳ್ಳುವ ಕಿಂತೂರಿನದು ಇನ್ನೊಂದು. ಎರಡೂ 13ನೇ ಶತಮಾನದ ನಡುಭಾಗದ ಸುಮಾರಿಗೆ ಮೊಳೆತವು ಎಂದು ತಿಳಿದುಬಂತು. ಎರಡು ಸಾವಿರ ವರ್ಷದ ಕಥೆಗೆ ಇದರಿಂದ ಆಧಾರ ಸಿಗುವುದಿಲ್ಲ, ಸರಿ. ಆದರೆ ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಅದಕ್ಕೂ ನೂರು ವರ್ಷ ಮೊದಲೇ ಗಂಗೆಯ ಬಯಲಿನಲ್ಲಿ ಈ ಮರವಿತ್ತೆಂದಾದರೆ ಬೀದರಿನ ಹಬಶಿಗಳನ್ನು ನಂಬಿ ಕುಳಿತ ವಾದ ಕುಸಿಯುವುದಿಲ್ಲವೇ? ಮೊದಲ ಮರ ಅವರಿಂದ ಬಂತು ಎಂದು ಹೇಳಿದ್ದರೆ ಕುಸಿಯುತ್ತಿತ್ತು. ಅರಬರ ಹಡಗುಗಳು ಗುಜರಾತಿಗೂ ಕೊಂಕಣಕ್ಕೂ ಬಹಮನಿಗಳಿಗಿಂತ ಎಷ್ಟೋ ಶತಮಾನ ಮೊದಲಿನಿಂದ ಬರುತ್ತಿದ್ದವು. ಹಣ್ಣು ಅವುಗಳಲ್ಲಿ ಬಂದಿರಬಹುದು, ಬೀಜವೂ ಬಂದಿರಬಹುದು. ಮರ ಹಲವು ಸಲ, ಹಲವು ದಾರಿಯಲ್ಲಿ ಬಂತು. ಬಾಲಾಘಾಟಿನ ದಾರಿಗೆ 15ರಿಂದ 17ನೇ ಶತಮಾನದ ಕಾಲ ಒಪ್ಪುತ್ತದೆ ಎಂಬಷ್ಟಕ್ಕೆ ನನ್ನ ಮಾತು ಸೀಮಿತ.

ಖುರಾಸಾನಿ ಎಂಬ ವಿಶೇಷಣ ಇನ್ನೊಂದು ತೊಡಕು. ಖುರಾಸಾನ್ ಇರಾನಿನ ಈಶಾನ್ಯದ ಸೀಮೆ, ಅಲ್ಲಿ ಈ ಮರದ ಸುಳಿವೂ ಇಲ್ಲ. ಪೇಟೆಯ ಮಾತನ್ನು ಬಲ್ಲವರಿಗೆ ಇದು ಬಿಡಿಸಲಾಗದ ಒಗಟಲ್ಲ. ಗಾಂಧಿಗರ ಅಂಗಡಿಯಲ್ಲಿ ಖುರಾಸಾನಿ ಅಜವಾನವೂ ಇದೆ. ಪಡುವಣದ ಕಡಲ ಮೇಲೆ ಬಂದ ಅಪರಿಚಿತ ಔಷಧಕ್ಕೆ ವ್ಯಾಪಾರಿ ತನಗೆ ಗೊತ್ತಿದ್ದ ದೊಡ್ಡ ಹೆಸರನ್ನು ಅಂಟಿಸಿದ. ಆ ಹೆಸರು ಮಾರಾಟದ ಚೀಟಿ, ಮತ್ತೆ ಅದು ಹಣ್ಣಿನ ಮೇಲೆ ಅಂಟಿದ ಚೀಟಿಯೇ. ಆಫ್ರಿಕಾದ ಜನ ತಂದಿದ್ದರೆ ಅವರ ಭಾಷೆಯ ಒಂದು ಪದವಾದರೂ ಏಕೆ ಉಳಿಯಲಿಲ್ಲ ಎಂದು ಕೇಳಬಹುದು. ಜೋಳದಲ್ಲಿ, ಸಜ್ಜೆಯಲ್ಲಿ, ಹುಣಸೆಯಲ್ಲಿ ಉಳಿದಿದೆಯೇ? ಹಬಶಿಗಳು ಒಂದೇ ಭಾಷೆಯ ಜನರಾಗಿರಲಿಲ್ಲ. ಬೇರೆ ಬೇರೆ ನಾಡಿನಿಂದ ಕಿತ್ತು ತಂದು ಒಂದೆಡೆ ಇರಿಸಿದವರು ತಮ್ಮೊಳಗೇ ಮಾತಾಡಲು ದಖನಿಯನ್ನು ಕಲಿಯಬೇಕಾಯಿತು. ಉತ್ತರ ಕನ್ನಡದ ಕಾಡಂಚಿನ ಸಿದ್ದಿಗಳು ಇಂದು ಮನೆಯಲ್ಲಿ ಆಡುವುದು ಕೊಂಕಣಿ, ಹೊರಗೆ ಕನ್ನಡ. ಹೆಸರಿಡುವ ಅಧಿಕಾರ ಕೊಳ್ಳುವವನದು. ಅದು ಕೊಂಡು ತರಲ್ಪಟ್ಟವನಿಗೆ ಇರಲಿಲ್ಲ; ಮಲಿಕ್ ಅಂಬರನ ಹೆಸರೇ ಅವನ ತಾಯಿ ಇಟ್ಟದ್ದಲ್ಲ.

ಗೋರಖನ ಹೆಸರು ಹೇಗೆ ಬಂತು ಎಂಬುದು ಈ ಸೀಮೆಗೆ ಹೆಚ್ಚು ಹತ್ತಿರದ ಪ್ರಶ್ನೆ. ಮರಾಠವಾಡಾ ನಾಥಪಂಥದ ನೆಲ. ಉದಗೀರದಿಂದ ದೂರವಿಲ್ಲದ ಚಾಕೂರ ತಾಲ್ಲೂಕಿನಲ್ಲಿ ವಡವಾಳ ನಾಗನಾಥನ ಬೆಟ್ಟವಿದೆ, ಔಷಧಿಯ ಗಿಡಗಳಿಗೆ ಹೆಸರಾದ ಜಾಗ. ಉದಗೀರದ ಕೋಟೆಯೊಳಗೇ ಉದಗೀರ ಬಾಬಾನ ಸಮಾಧಿಯಿದೆ. ಊರೂರು ತಿರುಗುವ, ಜೋಳಿಗೆಯಲ್ಲಿ ಬೇರು ಬೀಜ ಇಟ್ಟುಕೊಂಡು ಮದ್ದು ಕೊಡುವ ಜೋಗಿಗಳ ಕೈಗೆ ಒಣ ಹುಳಿಯ ಈ ಕಾಯಿ ಸಿಕ್ಕಮೇಲೆ ಅದು ಹಳ್ಳಿಯ ಮನೆಗಳಿಗೆ ಅವರ ಹೆಸರಿನಲ್ಲೇ ಹೋಗಿರಬೇಕು. ಗೋರಖನಾಥ ಈ ಮರದ ಕೆಳಗೆ ಶಿಷ್ಯರಿಗೆ ಪಾಠ ಹೇಳಿದನೆಂಬ ಕಥೆ ಆಮೇಲಿನದು. ಹೆಸರು ಮೊದಲಾಗಿ ಕಥೆ ಹಿಂಬಾಲಿಸುವುದು ನಮ್ಮಲ್ಲಿ ಹೊಸದೇನಲ್ಲ. ಕೋಟೆಯ ಹಬಶಿ, ದರ್ಗಾದ ಫಕೀರ, ಬೆಟ್ಟದ ಜೋಗಿ ಇವರ ನಡುವೆ ಆ ಕಾಲದಲ್ಲಿ ಓಡಾಟ ಸಲೀಸಾಗಿತ್ತು. ಆನೆಹುಣಸೆ ದರ್ಗಾದ ಮುಂದೆಯೂ ಮಠದ ಮುಂದೆಯೂ ಒಂದೇ ಗೌರವದಿಂದ ನಿಂತಿರುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಒಂದು ಆಕ್ಷೇಪವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಅದು ನನ್ನ ವಾದದ ಬುಡಕ್ಕೇ ಕೈಹಾಕುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ ಡಚ್ ಮೂಲದವರು ಈ ಮರ ಕಾಡಿನಲ್ಲಿ ಕಣ್ಣೆದುರೇ ನಿಂತಿದ್ದರೂ ತಿರುಳಿನ ಹುಳಿಯನ್ನೇ ಹಿಡಿದು, ಅಡುಗೆಯಲ್ಲಿ ಬಳಸುವ ಹುಳಿಯ ಉಪ್ಪೊಂದರ ಹೆಸರನ್ನು ಅದಕ್ಕೆ ಕೊಟ್ಟರು. ಮರವನ್ನು ಕಂಡವರೂ ನಾಲಗೆಯಿಂದ ಹೆಸರಿಡಬಹುದು ಎಂದಾಯಿತು. ಹಾಗಿದ್ದಮೇಲೆ ಹುಣಸೆ ಎಂಬ ಹೆಸರಿನಿಂದ ಹಣ್ಣೇ ಮೊದಲು ಬಂತು ಎಂದು ತೀರ್ಮಾನಿಸುವುದು ಹೇಗೆ? ಹೆಸರೊಂದನ್ನೇ ಹಿಡಿದುಕೊಂಡರೆ ಸಾಧ್ಯವಿಲ್ಲ, ಒಪ್ಪುತ್ತೇನೆ. ಅದರ ಜೊತೆ ಕೈರೋದ ಪೇಟೆ, ಕೊಂಕಣದ ಮಜ್ಜಿಗೆ, ಖುರಾಸಾನಿ ಎಂಬ ಚೀಟಿ, ಹಲವು ಸಲದ ಆಗಮನ, ಇವೆಲ್ಲ ಸೇರಿದಾಗ ಮಾತ್ರ ಹೆಸರು ಸಾಕ್ಷಿಯಾಗುತ್ತದೆ. ಜೊತೆಗೆ ಒಂದು ವ್ಯತ್ಯಾಸವನ್ನೂ ಗಮನಿಸಬೇಕು. ಮರ ತಾನಾಗಿ ಬೆಳೆಯುವ ನಾಡಿನಲ್ಲಿ ಹುಳಿಯ ಹೆಸರಿನ ಪಕ್ಕದಲ್ಲಿ ಮರದ ಆಕಾರದ, ಕಾಂಡದ, ತೊಗಟೆಯ, ಎಲೆಯ ಸೊಪ್ಪಿನ ಹೆಸರುಗಳೂ ಕತೆಗಳೂ ರಾಶಿಯಾಗಿವೆ. ಮಾಲಿಗೆ ಹೋಗುವ ದಾರಿಯಲ್ಲಿ 1352ರಲ್ಲಿ ಇಬ್ನ್ ಬತೂತಾ ಪೊಳ್ಳು ಮರದೊಳಗೆ ಮಗ್ಗ ಹೂಡಿ ನೇಯುತ್ತಿದ್ದ ನೇಕಾರನನ್ನು ಕಂಡು ಬೆರಗಾದ. ಅಲ್ಲಿಯವರು ಎಲೆಯನ್ನು ಒಣಗಿಸಿ ಸಾರಿಗೆ ಹಾಕುತ್ತಾರೆ, ತೊಗಟೆಯಿಂದ ಹಗ್ಗ ಹೊಸೆಯುತ್ತಾರೆ. ಸೊಪ್ಪು ತಿನ್ನುವುದರಲ್ಲಿ ಯಾರಿಗೂ ಕಡಿಮೆಯಿಲ್ಲದ ನಮ್ಮ ಜನ ದಖ್ಖನಿನಲ್ಲಿ ಈ ಅಂಗೈಯೆಲೆಯನ್ನು ಅಡುಗೆಗೆ ತಂದುಕೊಳ್ಳಲಿಲ್ಲ. ಹಣ್ಣಿನ ವಿದ್ಯೆ ಬಂತು, ಮರದ ವಿದ್ಯೆ ಹಿಂದೆಯೇ ಉಳಿಯಿತು.

ಹಾಗಾದರೆ ಪೇಟೆಯಲ್ಲಿ ಹುಳಿ ಕೊಂಡವನೇ ಬೀಜ ನೆಟ್ಟನೇ? ನನಗೆ ಹಾಗನ್ನಿಸುವುದಿಲ್ಲ. ಈ ಬೀಜದ ಸಿಪ್ಪೆ ಗಡುಸು. ಆಫ್ರಿಕಾದಲ್ಲಿ ಆನೆಯೋ ದೊಡ್ಡ ಕೋತಿಯೋ ಹಣ್ಣು ತಿಂದು, ಬೀಜ ಹೊಟ್ಟೆಯಲ್ಲಿ ಹಾಯ್ದು ಹೊರಬಂದಮೇಲೆ ಮೊಳಕೆ ಸುಲಭ. ಇಲ್ಲವೆಂದರೆ ಬೀಜವನ್ನು ಕೊರೆಯಬೇಕು ಅಥವಾ ಬಿಸಿನೀರಿನಲ್ಲಿ ನೆನೆಸಬೇಕು. ಆ ಪ್ರಾಣಿಗಳ ಕೆಲಸ ಇಲ್ಲಿ ನಡೆಯದ್ದರಿಂದಲೇ ದೊಡ್ಡ ಮರಗಳ ಕೆಳಗೆ ಸಸಿಗಳು ಹುಟ್ಟಿ ಕಾಡಾಗಲಿಲ್ಲ, ನಿಂತ ಒಂದೊಂದು ಮರವೂ ಒಂದೊಂದು ಕೈಯ ಕೆಲಸ. ಕುತೂಹಲಕ್ಕೆ ಎರಚಿದ ಬೀಜವೂ ಎಲ್ಲೋ ಒಮ್ಮೆ ಮೊಳೆತಿರಬಹುದು. ಮೊಳೆತಮೇಲೂ ಸಸಿಯ ಮೊದಲ ಎಲೆಗಳು ಬಿಡಿ ಎಲೆಗಳು, ಬೆರಳು ಒಡೆದಿರುವುದಿಲ್ಲ. ಅಂಗೈ ಬಿಚ್ಚಿಕೊಳ್ಳುವುದು ಗಿಡ ಬಲಿತ ನಂತರ. ಕಾಯಿ ಬಿಡಲು ಹತ್ತಾರು ವರ್ಷ. ಹುಣಸೆಯೆಂದು ಕೊಂಡವನಿಗೆ ಆ ಸಸಿಯಲ್ಲಿ ಹುಣಸೆಯ ಗುರುತೇನೂ ಕಂಡಿರಲಾರದು, ಕಳೆಯೆಂದು ಕಿತ್ತೆಸೆದಿದ್ದರೂ ಆಶ್ಚರ್ಯವಿಲ್ಲ. ಬೀಜವನ್ನು ಹೇಗೆ ಎಬ್ಬಿಸಬೇಕೆಂದು ಬಲ್ಲವನು, ಬೆರಳಿಲ್ಲದ ಆ ಎಲೆಯನ್ನು ಕಂಡು ಇದು ಇದೇ ಎಂದು ಗುರುತಿಸಿದವನು, ಮುಂದೆ ಅದು ಎಷ್ಟು ದೊಡ್ಡದಾಗುತ್ತದೆಂದು ತಿಳಿದು ಕೋಟೆಯ ಗೋಡೆಯಿಂದ ದೂರ ಸರಿಸಿ ನೆಟ್ಟವನು ಆ ಮರವನ್ನು ಮೊದಲೇ ಎಲ್ಲಿಯೋ ಕಂಡಿದ್ದವನಾಗಿರಬೇಕು. 2023ರ ಮಳೆಗಾಲದಲ್ಲಿ ಸವಣೂರಿನ ಮೂರು ಮರಗಳಲ್ಲಿ ಒಂದು ಬುಡಸಮೇತ ಉರುಳಿಬಿತ್ತು. ಜನ ಕೂಡಿ, ಕೊಂಬೆ ತರಿದು, ಯಂತ್ರಗಳಿಂದ ಎತ್ತಿ ಅದನ್ನು ಮತ್ತೆ ಅದೇ ಮಣ್ಣಿನಲ್ಲಿ ನಿಲ್ಲಿಸಿದರು.